ರೀಸೆಟ್, ಪೆನ್‌ಡ್ರೈವ್, ಮಿಂಟ್: ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರೂ ಮಾಡಿ ನೋಡಿದೆ

ನಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಇರುವುದು ಇಂಟೆಲ್‌ನ ಆರನೇ ತಲೆಮಾರಿನ ಐ3 ಪ್ರೊಸೆಸರ್. ರ‍್ಯಾಮ್ 8 ಜಿಬಿ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದ್ದೂ ಆಗಿದೆ. ಆದರೂ ತುಂಬಾ ನಿಧಾನವಾಗಿತ್ತು. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದಕ್ಕೆ ಮೂರು ದಾರಿಗಳಿವೆ. ವಿಂಡೋಸ್ 10ರ ಒಳಗೇ ಇರುವ ರೀಸೆಟ್, ಪೆನ್‌ಡ್ರೈವ್‌ನಿಂದ ಹೊಸ ವಿಂಡೋಸ್, ಇಲ್ಲವೇ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್. ಮೂರನ್ನೂ ಇದೇ ಲ್ಯಾಪ್‌ಟಾಪ್‌ನಲ್ಲಿ ಮಾಡಿ ನೋಡಿದ್ದೇನೆ.

ಯಾವುದೇ ದಾರಿ ಹಿಡಿದರೂ ಫೋಟೊ, ದಾಖಲೆಗಳನ್ನು ಮೊದಲು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಲೇಬೇಕು. ಕನ್ನಡದಲ್ಲಿ ಬರೆಯುವವರು ಫಾಂಟ್‌ಗಳನ್ನೂ ಎತ್ತಿಡಬೇಕು. ಇದನ್ನು ಯಾರೂ ಹೇಳುವುದಿಲ್ಲ. ಎಲ್ಲ ಕಂಪ್ಯೂಟರ್‌ಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ವ್ಯವಸ್ಥೆ ಬಳಕೆಗೆ ಬರುವ ಮೊದಲು ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಫೈಲ್‌ಗಳು ಎಷ್ಟೋ ಮನೆಗಳಲ್ಲಿವೆ. ಆ ಫಾಂಟ್ ಇಲ್ಲದೆ ಅವನ್ನು ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಾಣುತ್ತವೆ. ಫೈಲ್ ಕೆಟ್ಟಿದೆ ಎಂದುಕೊಂಡು ಅಳಿಸಿಬಿಡುವವರೂ ಇದ್ದಾರೆ. ಫಾಂಟ್ ಹಾಕಿದರೆ ಎಲ್ಲ ಅಕ್ಷರವೂ ಸರಿಯಾಗಿ ಬರುತ್ತದೆ. ನಮ್ಮ ತಂದೆ ಬರೆದಿಟ್ಟದ್ದೆಲ್ಲ ಹೀಗೆಯೇ ಇದೆ. ಹಾಗಾಗಿ ಈ ಎಚ್ಚರಿಕೆ ನನಗೆ ಎಲ್ಲಕ್ಕಿಂತ ಮುಖ್ಯ.

ಮೂರರಲ್ಲಿ ಸುಲಭವಾದದ್ದು ರೀಸೆಟ್. ಸೆಟ್ಟಿಂಗ್ಸ್‌ನಲ್ಲಿ ರಿಕವರಿಗೆ ಹೋದರೆ ಸಾಕು, ಪೆನ್‌ಡ್ರೈವ್ ಬೇಡ. ನಿಮ್ಮ ಫೈಲ್‌ಗಳನ್ನು ಉಳಿಸಿಕೊಳ್ಳಬಹುದು, ಇಲ್ಲವೇ ಎಲ್ಲವನ್ನೂ ತೆಗೆಯಬಹುದು. ಉಳಿಸಿಕೊಂಡರೂ ನೀವು ಹಾಕಿಕೊಂಡಿದ್ದ ಪ್ರೋಗ್ರಾಂಗಳು ಹೋಗುತ್ತವೆ. ಹೋದದ್ದರ ಪಟ್ಟಿಯೊಂದು ಡೆಸ್ಕ್‌ಟಾಪ್‌ನಲ್ಲಿ ಸಿಗುತ್ತದೆ. ಆದರೆ ಫಲಿತಾಂಶ ನನಗೆ ಸಮಾಧಾನ ಕೊಡಲಿಲ್ಲ. ಲ್ಯಾಪ್‌ಟಾಪ್ ಕೊಂಡಾಗ ಅದರ ಜೊತೆ ಬಂದಿದ್ದ ಬೇಡದ ಪ್ರೋಗ್ರಾಂಗಳು ಮತ್ತೆ ಬಂದು ಕೂತವು. ಸಾಮಾನು ಸರಿಸದೆ ಮನೆ ಗುಡಿಸಿದ ಹಾಗಾಯಿತು. ರೀಸೆಟ್ ಮಾಡುವಾಗ ಬರುವ 'ಲೋಕಲ್' ಆಯ್ಕೆಯಲ್ಲಿ ವಿಂಡೋಸ್ ತನ್ನ ಒಳಗಿರುವ ಫೈಲ್‌ಗಳಿಂದಲೇ ತನ್ನನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಅವೇ ಕೆಟ್ಟಿದ್ದರೆ ಕೆಲಸ ಅರ್ಧಕ್ಕೇ ನಿಲ್ಲಬಹುದು. 'ಕ್ಲೌಡ್' ಆಯ್ಕೆ ಹೊಸ ಪ್ರತಿಯನ್ನೇ ತರಿಸುತ್ತದೆ, ಅದಕ್ಕೆ ಸುಮಾರು 4 ಜಿಬಿ ಡೇಟಾ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರು ಇದನ್ನು ನೆನಪಿಟ್ಟುಕೊಳ್ಳಿ.

ವಿಂಡೋಸ್‌ನಲ್ಲೇ ಇರಬೇಕು ಎನ್ನುವವರಿಗೆ ಪೆನ್‌ಡ್ರೈವ್ ದಾರಿಯೇ ಸರಿ ಎಂದು ಖಂಡಿತವಾಗಿ ಹೇಳುತ್ತೇನೆ. 8 ಜಿಬಿ ಪೆನ್‌ಡ್ರೈವ್ ಸಾಕು. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅದರಲ್ಲಿ ಎಲ್ಲವನ್ನೂ ತುಂಬಿಕೊಡುತ್ತದೆ. ಆನ್ ಮಾಡುವಾಗ ಯಾವ ಡ್ರೈವ್‌ನಿಂದ ಶುರುವಾಗಬೇಕು ಎಂದು ಕೇಳುವ ಬೂಟ್ ಮೆನು ತೆರೆಯಬೇಕು. ಅದಕ್ಕೆ ಒತ್ತಬೇಕಾದ ಕೀ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಪ್ರಾಡಕ್ಟ್ ಕೀ ಕೇಳಿದರೆ ಇಲ್ಲ ಎಂದು ಒತ್ತಿ ಮುಂದೆ ಹೋಗಿ. ಅದೇ ಯಂತ್ರದಲ್ಲಿ ಮೊದಲೇ ಆ್ಯಕ್ಟಿವೇಟ್ ಆಗಿದ್ದ ವಿಂಡೋಸ್‌ನ ಅದೇ ಎಡಿಷನ್ (ಹೋಮ್, ಪ್ರೊ ಇತ್ಯಾದಿ) ಹಾಕಿದರೆ, ಇಂಟರ್ನೆಟ್ ಸಿಕ್ಕ ಮೇಲೆ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಪಾರ್ಟಿಷನ್, ಅಂದರೆ ಡಿಸ್ಕ್‌ನ ಪಾಲುಗಳನ್ನು ತೋರಿಸುವ ಪರದೆ ಬಂದಾಗ ಮಾತ್ರ ನಿಧಾನವಾಗಿ ನೋಡಿ. ಫೋಟೊ ಎಲ್ಲ ಡಿ ಡ್ರೈವ್‌ನಲ್ಲಿದೆ, ಅದಕ್ಕೇನೂ ಆಗುವುದಿಲ್ಲ ಎಂದು ನಮ್ಮಲ್ಲಿ ತುಂಬಾ ಜನ ನಂಬಿದ್ದಾರೆ. ಸಿ ಮತ್ತು ಡಿ ಬಹಳಷ್ಟು ಸಲ ಒಂದೇ ಡಿಸ್ಕ್‌ನ ಎರಡು ಪಾಲು, ಅಲ್ವಾ? ಎಲ್ಲ ಪಾರ್ಟಿಷನ್ ಅಳಿಸಿದರೆ ಡಿ ಕೂಡ ಹೋಗುತ್ತದೆ. ವೈಫೈ ಕೆಲಸ ಮಾಡಲು ಬೇಕಾದ ಡ್ರೈವರ್ ತಂತ್ರಾಂಶವನ್ನು ಮೊದಲೇ ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿಡುವುದೂ ಒಳ್ಳೆಯದು. ಹೊಸ ವಿಂಡೋಸ್‌ಗೆ ವೈಫೈ ಗುರುತು ಸಿಗದಿದ್ದರೆ ಡ್ರೈವರ್ ಇಳಿಸಿಕೊಳ್ಳಲೂ ದಾರಿ ಇರುವುದಿಲ್ಲ. ಇಷ್ಟು ನೋಡಿಕೊಂಡರೆ ಸಿಗುವ ವಿಂಡೋಸ್ ಎಷ್ಟು ಹಗುರ ಎಂದರೆ, ಇದೇ ಲ್ಯಾಪ್‌ಟಾಪಾ ಅನ್ನಿಸುತ್ತದೆ.

ಆದರೂ ನಾವು ಅಲ್ಲಿ ನಿಲ್ಲಲಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ, ಅಂದರೆ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚಾಗಿ ಎಂಟನೇ ತಲೆಮಾರಿನಿಂದ ಮೇಲಿನದು ಬೇಕು. ನಮ್ಮದು ಆ ಪಟ್ಟಿಯಲ್ಲಿಲ್ಲ. ಚೆನ್ನಾಗಿ ಓಡುವ ಯಂತ್ರವನ್ನು ಸುಮ್ನೆ ಮೂಲೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಮಿಂಟ್‌ನಲ್ಲಿ ನನಗೆ ಹಿಡಿಸಿದ್ದು, ಏನನ್ನೂ ಅಳಿಸದೆ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು ಎನ್ನುವುದು. ವೈಫೈ, ಸೌಂಡ್, ಕ್ಯಾಮೆರಾ ಎಲ್ಲ ಪರೀಕ್ಷೆ ಮಾಡಿಯೇ ಮುಂದುವರಿದೆ. ಮಿಂಟ್ 22 ಬಂದದ್ದು 2024ರಲ್ಲಿ, ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಕನ್ನಡ ಟೈಪಿಂಗ್ ಹೇಗೋ ಎಂಬ ಅಳುಕಿತ್ತು. ಐಬಸ್ ಎಂಬ ಟೈಪಿಂಗ್ ತಂತ್ರಾಂಶದ ಜೊತೆ ಎಂ17ಎನ್ ಎಂಬ ಕೀಲಿಮಣೆಗಳ ಕಟ್ಟು ಹಾಕಿದರೆ ಕೆಜಿಪಿ ಎಂಬ ಕೀಲಿಮಣೆ ಸಿಗುತ್ತದೆ. ನುಡಿ ಬಳಸಿದವರ ಬೆರಳಿಗೆ ಅಭ್ಯಾಸವಾಗಿರುವ ವಿನ್ಯಾಸವೇ ಅದು. ಎತ್ತಿಟ್ಟ ಹಳೆಯ ಫಾಂಟ್‌ಗಳನ್ನು ಹಾಕಿದ ಮೇಲೆ ತಂದೆಯ ಫೈಲ್‌ಗಳು ಉಚಿತ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ತೆರೆದವು. ಆಗ ತುಂಬಾ ಸಂತೋಷವಾಯಿತು.

ಕೊರತೆಗಳೂ ಇವೆ. ನಮ್ಮ ಹಳೆಯ ಲೇಸರ್ ಪ್ರಿಂಟರ್ ಮಿಂಟ್‌ಗೆ ಒಗ್ಗಲೇ ಇಲ್ಲ. ಈಗ ಪಿಡಿಎಫ್ ಮಾಡಿ ಝೆರಾಕ್ಸ್ ಅಂಗಡಿಗೆ ಕಳಿಸುತ್ತೇವೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ದಿನವೂ ಬಳಸುವವರು ಮಿಂಟ್‌ಗೆ ಬರಬೇಡಿ, ತೊಂದರೆಯೇ ಜಾಸ್ತಿ. ಅವರು ವಿಂಡೋಸ್ 11 ಹಿಡಿಸುವ ಯಂತ್ರ ನೋಡಿಕೊಂಡು, ಅದಕ್ಕೂ ಪೆನ್‌ಡ್ರೈವ್‌ನಿಂದಲೇ ಹಾಕಿಕೊಳ್ಳಲಿ. ರೀಸೆಟ್ ನಾನು ಮತ್ತೆ ಬಳಸುವುದು ಯಂತ್ರವನ್ನು ಬೇರೆಯವರಿಗೆ ಕೊಡುವಾಗ ಮಾತ್ರ. ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆ 'ಕ್ಲೀನ್ ಡೇಟಾ' ಆನ್ ಮಾಡಿದರೆ ಹಳೆಯ ಫೈಲ್‌ಗಳನ್ನು ಮತ್ತೆ ಹೊರತೆಗೆಯುವುದು ಕಷ್ಟವಾಗುತ್ತದೆ.