ಮಗುವಿಗೆ ಯಾವ ಕಾಲುವೆ: ಲ್ಯಾಂಗೋಲೆನ್ನಾ, ಕೆನೆಟ್ ಅಂಡ್ ಏವನ್ನಾ?

ಎರಡು ಬೇಸಿಗೆ, ಎರಡು ಕಾಲುವೆ. ವೇಲ್ಸ್‌ನ ಲ್ಯಾಂಗೋಲೆನ್‌ಗೆ ಹೋದಾಗ ಮಗಳಿಗೆ ಏಳು ವರ್ಷ. ಮರುವರ್ಷ ಇಂಗ್ಲೆಂಡಿನ ಕೆನೆಟ್ ಅಂಡ್ ಏವನ್. ಎರಡೂ ಸಲ ಬಾಡಿಗೆ ನ್ಯಾರೋಬೋಟ್, ಅಂದ್ರೆ ಒಳಗೇ ಉಳಿದುಕೊಳ್ಳಬಹುದಾದ ಉದ್ದನೆಯ ಕಾಲುವೆ ದೋಣಿ, ಅಗಲ ಬರೀ 2.1 ಮೀಟರ್. ಮಲಗೋದು, ಅಡುಗೆ, ಶೌಚಾಲಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ನೋಡೋಕೆ ಲ್ಯಾಂಗೋಲೆನ್ನೇ ಚೆಂದ. 1805ರ ಪಾಂಟ್‌ಕಸಲ್ತೆ ಮೇಲ್ಗಾಲುವೆ ಅಂದ್ರೆ 38 ಮೀಟರ್ ಎತ್ತರದಲ್ಲಿ, 307 ಮೀಟರ್ ಉದ್ದಕ್ಕೆ ನೀರು ತುಂಬಿದ ಕಬ್ಬಿಣದ ತೊಟ್ಟಿ. ನಡೆಯುವ ದಾರಿ ಇರುವ ಕಡೆ ಕಂಬಿ ಇದೆ, ಇನ್ನೊಂದು ಕಡೆ ಏನೂ ಇಲ್ಲ! ಕಿಟಕಿಯಿಂದ ಇಣುಕಿ ಮಗಳು "ಹಾರ್ತಾ ಇದೀವಿ" ಅಂತ ಕೂಗಿದಳು. ನಾನು ಚುಕ್ಕಾಣಿ ಹಿಡಿದು ಮುಂದೆ ಮಾತ್ರ ನೋಡುತ್ತಿದ್ದೆ. ಚರ್ಕ್ ಸುರಂಗದಲ್ಲೂ ಟಾರ್ಚ್ ಹಿಡಿದು ಖುಷಿಪಟ್ಟಳು. ಆದರೆ ಅದೆಲ್ಲ ಸೇರಿ ಅರ್ಧ ಗಂಟೆ ಅಷ್ಟೇ. ಉಳಿದಂತೆ ನಡಿಗೆಯ ವೇಗ, ಚರ್ಕ್‌ನಿಂದ ಲ್ಯಾಂಗೋಲೆನ್ ಊರಿನವರೆಗೆ ಒಂದೂ ಲಾಕ್ (ಗೇಟು ಮುಚ್ಚಿ, ನೀರು ಏರಿಸಿ ಇಳಿಸಿ ದೋಣಿಯನ್ನು ಬೇರೆ ಮಟ್ಟಕ್ಕೆ ದಾಟಿಸುವ ತೊಟ್ಟಿ) ಇಲ್ಲ. ನಮಗೆ ಸ್ವರ್ಗ. ಅವಳು ಬಾತುಕೋಳಿ ಎಣಿಸಿ, ಮಧ್ಯಾಹ್ನದ ಹೊತ್ತಿಗೆ ಎಣಿಸುವುದನ್ನೂ ಬಿಟ್ಟಳು.

ಕೆನೆಟ್ ಅಂಡ್ ಏವನ್‌ನಲ್ಲಿ ಡಿವೈಸಸ್ ಊರಿನ ಹತ್ತಿರ 29 ಲಾಕ್‌ಗಳ ಸಾಲು ಇದೆ, ಒಟ್ಟು ಇಳಿತ 72 ಮೀಟರ್. ಅದರಲ್ಲಿ 16 ಲಾಕ್ ಕೇನ್ ಹಿಲ್ ಮೇಲೆ ನೇರ ಮೆಟ್ಟಿಲ ಹಾಗೆ. ಮಗು ಸುಸ್ತಾಗಿ ಅಳುತ್ತೆ ಅಂದುಕೊಂಡಿದ್ದೆ. ಆಗಿದ್ದೇ ಬೇರೆ. ಇಳಿಯುವಾಗ ದೋಣಿಯ ಹಿಂಭಾಗ ಲಾಕ್‌ನೊಳಗಿನ ಕಲ್ಲಿನ ಕಟ್ಟೆಗೆ ಸಿಕ್ಕಿಕೊಂಡರೆ ದೋಣಿ ವಾಲಿಬಿಡುತ್ತದೆ. ಅದಕ್ಕೇ ಗೋಡೆಯಂಚಿನಲ್ಲಿ ಬಿಳಿ ಗುರುತು ಇರುತ್ತೆ, ಅದಕ್ಕಿಂತ ಮುಂದೆ ನಿಲ್ಲಬೇಕು. ಆ ಗುರುತು ಕಾಯುವ ಕೆಲಸ ಮಗಳಿಗೆ ಕೊಟ್ಟೆವು. ಅಂಚಿನಿಂದ ಎರಡು ಹೆಜ್ಜೆ ಹಿಂದೆ, ಅಮ್ಮನ ಪಕ್ಕ ನಿಂತು "ಅಪ್ಪಾ, ಮುಂದೆ!" ಅಂತ ಅಪ್ಪಣೆ. ನೀರು ಬಿಡುವ ಕಿಂಡಿ ತೆರೆಯೋಕೆ ವಿಂಡ್‌ಲಾಸ್ ಅನ್ನುವ ಹಿಡಿಕೆ ತಿರುಗಿಸಿದಾಗ ಹಲ್ಲುಚಕ್ರದ ಟಕ್ ಟಕ್ ಸದ್ದು, ಆಮೇಲೆ ನೀರಿನ ಭೋರ್ಗರೆತ. ಅಗಲ ಲಾಕ್ ಆದ್ದರಿಂದ ಎರಡು ದೋಣಿ ಜೊತೆಗೇ ಇಳಿಯಬಹುದು. ಪಕ್ಕದ ದೋಣಿಯಲ್ಲಿ ಅವಳ ವಯಸ್ಸಿನ ಹುಡುಗನೊಬ್ಬ ಸಿಕ್ಕ. ಸಂಜೆಯವರೆಗೂ "ಇನ್ನೂ ಎಷ್ಟು ದೂರ?" ಅನ್ನುವ ಮಾತೇ ಬರಲಿಲ್ಲ. ಸುಸ್ತಾಗಿದ್ದು ನನ್ನ ಸೊಂಟಕ್ಕೆ.

ಏಳೆಂಟು ವರ್ಷ ದಾಟಿದ ಮಗುವಾದರೆ ನನ್ನ ಓಟು ಲಾಕ್‌ಗಳಿಗೆ. ಐದಕ್ಕಿಂತ ಚಿಕ್ಕದಾದರೆ ಲ್ಯಾಂಗೋಲೆನ್‌ಗೇ ಹೋಗಿ. ಲಾಕ್ ಅಂಚಿನಲ್ಲಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಮಗು ಆಗದ ಮಾತು, ಅಲ್ವಾ? ಎಲ್ಲಿಗೇ ಹೋದರೂ ಲೈಫ್ ಜಾಕೆಟ್ ಅಳತೆಯನ್ನು ದಡದಲ್ಲೇ ನೋಡಿಕೊಳ್ಳಿ. ಮೊದಲ ಸಲ ನಮ್ಮದು ದೊಡ್ಡದಾಗಿ, ಅವಳು ಕೂತಾಗಲೆಲ್ಲ ಕಿವಿವರೆಗೂ ಏರುತ್ತಿತ್ತು.