ಆರ್ಡುಯಿನೋ ಊನೋ ಆರ್3: ಇಲ್ಲಿ ಇಂಟ್ ಎರಡೇ ಬೈಟ್

ಸಿ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಇಂಟ್‌ನ (ಪೂರ್ಣಾಂಕಗಳನ್ನು ಇಡುವ ಟೈಪ್) ಅಳತೆ ಮನದಟ್ಟಾಗಬೇಕಾದರೆ ಲ್ಯಾಪ್‌ಟಾಪ್‌ಗಿಂತ ಊನೋ ಎಂಬ ಈ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡೇ ವಾಸಿ. ಲ್ಯಾಪ್‌ಟಾಪ್‌ನಲ್ಲಿ ಇಂಟ್ ನಾಲ್ಕು ಬೈಟ್. ಲೆಕ್ಕ ಇನ್ನೂರು ಕೋಟಿ ದಾಟುವ ತನಕ ತಪ್ಪು ಹೊರಗೇ ಬರುವುದಿಲ್ಲ. ಊನೋದ ಎಂಟು ಬಿಟ್ ಎಟಿಮೆಗಾ328ಪಿ ಚಿಪ್‌ನಲ್ಲಿ 32,767ಕ್ಕೆ ಜಾಗ ಮುಗಿಯಿತು. ಇದು ಚಿಪ್ಪಿನ ಕೊರತೆಯೇನಲ್ಲ: ಇಂಟ್‌ಗೆ ಕನಿಷ್ಠ 16 ಬಿಟ್ ಇರಬೇಕು ಎಂಬುದಷ್ಟೇ ಸಿ ಭಾಷೆಯ ನಿಯಮ.

ಒಂದು ನಿಮಿಷ ಕಾಯಲೆಂದು ಡಿಲೇಗೆ (ಹೇಳಿದಷ್ಟು ಮಿಲಿಸೆಕೆಂಡ್ ಕಾಯುವ ಫಂಕ್ಷನ್) 60 * 1000 ಕೊಟ್ಟು ನೋಡಿ. ಎರಡೂ ಇಂಟ್ ಆದ್ದರಿಂದ ಗುಣಾಕಾರವೂ ಇಂಟ್‌ನಲ್ಲೇ ನಡೆದು, 60,000 ಹಿಡಿಸದೆ -5,536 ಆಗುತ್ತದೆ. ಡಿಲೇ ತೆಗೆದುಕೊಳ್ಳುವುದು ಅನ್‌ಸೈನ್ಡ್ ಲಾಂಗ್, ಅಂದರೆ ಋಣ ಸಂಖ್ಯೆಗಳಿಲ್ಲದ ನಾಲ್ಕು ಬೈಟ್ ಟೈಪ್. ಅಲ್ಲಿ ಅದೇ ಸಂಖ್ಯೆ 4,29,49,61,760 ಮಿಲಿಸೆಕೆಂಡ್. ಬೋರ್ಡ್ ಹೆಚ್ಚುಕಡಿಮೆ 50 ದಿನ ಮಲಗಿತು! ನೇರವಾಗಿ 60000 ಎಂದು ಬರೆದರೆ ತೊಂದರೆಯಿಲ್ಲ, ಇಂಟ್‌ಗೆ ಹಿಡಿಸದ ಸಂಖ್ಯೆಯನ್ನು ಕಂಪೈಲರ್ ತಾನೇ ಲಾಂಗ್ ಮಾಡಿಕೊಳ್ಳುತ್ತದೆ. ಗುಣಿಸಲೇಬೇಕಿದ್ದರೆ 60ರ ಬೆನ್ನಿಗೆ ಯುಎಲ್ (ಅನ್‌ಸೈನ್ಡ್ ಲಾಂಗ್ ಎಂಬ ಗುರುತು) ಹಚ್ಚಿ.

ಬೇಸರದ ಸಂಗತಿಯೆಂದರೆ ಆರ್ಡುಯಿನೋ ಐಡಿಇಯಲ್ಲಿ (ಕೋಡ್ ಬರೆದು ಬೋರ್ಡ್‌ಗೆ ಕಳಿಸುವ ತಂತ್ರಾಂಶ) ಕಂಪೈಲರ್ ಎಚ್ಚರಿಕೆಗಳು ಮೊದಲಿನಿಂದಲೇ ಆಫ್ ಆಗಿರುತ್ತವೆ. ಪ್ರಿಫರೆನ್ಸಸ್‌ಗೆ ಹೋಗಿ ‘ಆಲ್’ ಆರಿಸಿದರೆ ಮೇಲಿನ ತಪ್ಪನ್ನು ಅದೇ ತೋರಿಸಿಕೊಡುತ್ತದೆ. ಕಲಿಯುವವರಿಗೆಂದೇ ಮಾಡಿದ ಸಾಧನದಲ್ಲಿ ಇದು ಆಫ್ ಯಾಕೋ!

ಶೇಖರಣೆ ಹೇಗೆಂದು ನೋಡಲು ಇಇಪ್ರಾಮ್ (ಕರೆಂಟ್ ಹೋದರೂ ಅಳಿಯದ ಮೆಮೊರಿ) ಇದೆ, 1,024 ಬೈಟ್. ಇಂಟ್ 1000 ಅನ್ನು ‘ಪುಟ್’ ಮೂಲಕ ಹಾಕಿ ಒಂದೊಂದೇ ಬೈಟ್ ಓದಿದರೆ ಮೊದಲು 232, ಆಮೇಲೆ 3 ಸಿಗುತ್ತವೆ: 3 × 256 + 232. ಕೆಳಗಿನ ಬೈಟೇ ಮುಂದೆ. ‘ರೈಟ್’ ಬಳಸಿದರೆ ಒಂದೇ ಬೈಟ್ ಹೋಗುತ್ತದೆ. 300 ಹಾಕಿದವರಿಗೆ 44 ವಾಪಸ್.

ರ‍್ಯಾಮ್ 2,048 ಬೈಟ್ ಮಾತ್ರ. 500 ಇಂಟ್‌ಗಳ ಅರೇ ಅದರಲ್ಲಿ ಅರ್ಧದಷ್ಟನ್ನು ನುಂಗುತ್ತದೆ. ಇಡುವ ಸಂಖ್ಯೆಗಳು 0ಯಿಂದ 255ರೊಳಗೇ ಇರುತ್ತವೆಂದಾದರೆ ಒಂದೇ ಬೈಟಿನ ಯುಇಂಟ್8_ಟಿ ಸಾಕು. ಇಎಸ್‌ಪಿ32 ಎಂಬ 32 ಬಿಟ್ ಚಿಪ್ ಜೊತೆ ಸ್ಟ್ರಕ್ಟ್ (ಹಲವು ವೇರಿಯಬಲ್‌ಗಳ ಕಟ್ಟು) ಕಳಿಸಿ ತರಿಸುವವರಿಗೂ ಇಂಥ ಅಳತೆ ನಿಗದಿಯಾದ ಟೈಪ್‌ಗಳೇ ಬೇಕು, ಅಲ್ಲಿ ಇಂಟ್ ನಾಲ್ಕು ಬೈಟ್. ಟೈಪ್ ಸರಿಯಿದ್ದರೂ ಪ್ಯಾಡಿಂಗ್ (ನಡುವೆ ಕಂಪೈಲರ್ ಬಿಡುವ ಖಾಲಿ ಬೈಟ್‌ಗಳು) ಕೈಕೊಡುತ್ತದೆ: ಒಂದು ಯುಇಂಟ್8_ಟಿ, ಅದರ ನಂತರ ನಾಲ್ಕು ಬೈಟಿನ ಒಂದು ಯುಇಂಟ್32_ಟಿ ಇಟ್ಟರೆ ಊನೋದಲ್ಲಿ 5 ಬೈಟ್, ಇಎಸ್‌ಪಿ32ರಲ್ಲಿ 8.

ಕೊಳ್ಳುವಾಗ ಆರ್3 ಎಂದೇ ಕೇಳಿ. 2023ರ ಆರ್4ರಲ್ಲಿ 32 ಬಿಟ್ ಚಿಪ್ ಇದೆ, ಅಲ್ಲಿ ಈ ತಪ್ಪುಗಳು ಮತ್ತೆ ಅಡಗಿ ಕೂರುತ್ತವೆ. ಯುಎಸ್‌ಬಿ ಸಂಪರ್ಕಕ್ಕೆ ಸಿಎಚ್340 ಚಿಪ್ ಹಾಕಿದ ಅಗ್ಗದ ನಕಲು ಬೋರ್ಡೂ ನಡೆಯುತ್ತದೆ. ಕೆಲವು ಕಂಪ್ಯೂಟರ್‌ಗಳಿಗೆ ಡ್ರೈವರ್ ಬೇರೆ ಹಾಕಬೇಕಾದೀತು.