ಗುಬ್ಬಿಗೆ ಮಡಕೆಯೋ, ಮರದ ಡಬ್ಬಿಯೋ?

ನಮ್ಮ ಅತ್ತೆಯವರ ಹಳೇ ಮನೆ ಜಂತಿ ಮನೆ. ಜಂತಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಗುಬ್ಬಿಗಳು ಯಾರನ್ನೂ ಕೇಳದೆ ಸಂಸಾರ ಹೂಡುತ್ತಿದ್ದವು. ಊಟಕ್ಕೆ ಕೂತರೆ ತಟ್ಟೆಗೆ ಒಂದೆರಡು ಹುಲ್ಲುಕಡ್ಡಿ ಬೀಳುತ್ತಿದ್ದವು, ಅದೊಂದೇ ತಕರಾರು. ಆಮೇಲೆ ರಾಯಚೂರಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಗೋಡೆ ನುಣುಪು, ಕಿಟಕಿಗೆ ಜಾಲರಿ, ಬೆರಳು ತೂರುವಷ್ಟೂ ಸಂದಿ ಇಲ್ಲ. ಗುಬ್ಬಿಗಳು ಬಟ್ಟೆ ಒಣಹಾಕುವ ತಂತಿಯ ಮೇಲೆ ಕೂತು, ಮನೆ ನೋಡಲು ಬಂದ ನೆಂಟರ ಹಾಗೆ ಅತ್ತಿತ್ತ ನೋಡಿ, ಹೋಗಿಬಿಡುತ್ತಿದ್ದವು.

ಅದಕ್ಕೇ ಮೂರು ಬೇಸಿಗೆಯಿಂದ ಬೇರೆ ಬೇರೆ ಗೂಡು ಹಾಕಿ ನೋಡುತ್ತಿದ್ದೇನೆ. ರಟ್ಟಿನ ಡಬ್ಬಿ, ಆನ್‌ಲೈನ್‌ನಲ್ಲಿ ತರಿಸಿದ ಪ್ಲೈವುಡ್ ಗೂಡು, ಕುಂಬಾರರ ಮಡಕೆ. "ನನ್ನ ಸೊಸಿ ಗುಬ್ಬಿಗೆ ಬಾಡಿಗಿ ಮನಿ ಕಟ್ಟಿಸ್ಯಾಳ ನೋಡ್ರಿ" ಅಂತ ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು.

ರಟ್ಟಿನದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಮಾರ್ಚ್ 20ರ ಗುಬ್ಬಚ್ಚಿ ದಿನಕ್ಕೆ ಮಗಳು ಚಪ್ಪಲಿ ಬಾಕ್ಸಿನಲ್ಲಿ ಮಾಡಿದ್ದಳು. ಮೇ ತಿಂಗಳ ಒಂದು ಗಾಳಿಮಳೆಗೆ ನೆನೆದು ತಳ ಕಳಚಿ ಬಿತ್ತು. ಪುಣ್ಯಕ್ಕೆ ಒಳಗೆ ಮೊಟ್ಟೆ ಇರಲಿಲ್ಲ.

ಪ್ಲೈವುಡ್ ಗೂಡು ನೋಡಲು ಚೆಂದ. ಕೆಂಪು ಬಣ್ಣದ ಚಾವಣಿ, ಮುಂದೆ ಕೂರಲು ಒಂದು ಕಡ್ಡಿ, ದೊಡ್ಡ ದುಂಡನೆ ತೂತು. ಆ ಕಡ್ಡಿ, ಆ ತೂತು ಎರಡೂ ತೊಂದರೆ ಅಂತ ಆಮೇಲೆ ಗೊತ್ತಾಯಿತು. ಗುಬ್ಬಿ ಜೋಡಿ ನಾಲ್ಕು ದಿನ ಹುಲ್ಲು ಸಾಗಿಸಿತು. ಐದನೇ ದಿನ ಗೊರವಂಕ ಬಂದು ಅಷ್ಟೂ ಹುಲ್ಲನ್ನು ಎಳೆದು ಹೊರಗೆ ಚೆಲ್ಲಿ ತಾನೇ ಯಜಮಾನನಾಯಿತು. ಗೊರವಂಕವೂ ಪೊಟರೆಯಲ್ಲೇ ಗೂಡು ಮಾಡುವ ಹಕ್ಕಿ. ದೊಡ್ಡ ಬಾಗಿಲು ಇಟ್ಟರೆ ಬಲ ಇದ್ದವರು ನುಗ್ಗುತ್ತಾರೆ, ಅದರದ್ದೇನು ತಪ್ಪು? ಮರಿ ಮಾಡಿಕೊಂಡು ಹೋಗುವವರೆಗೆ ಸುಮ್ನೆ ಇದ್ದೆ. ಆಮೇಲೆ ಬಡಗಿಯನ್ನು ಕರೆಸಿ, 32 ಮಿಲಿಮೀಟರ್ ತೂತಿನ ಹಲಗೆ ಹೊಡೆಸಿದೆ. ಹತ್ತು ರೂಪಾಯಿ ಬಿಲ್ಲೆ 27 ಮಿಲಿಮೀಟರ್ ಇರುತ್ತದೆ, ಅದಕ್ಕಿಂತ ತುಸು ದೊಡ್ಡದು ಅಂತ ಇಟ್ಟುಕೊಳ್ಳಿ. ಗುಬ್ಬಿ ಸಲೀಸಾಗಿ ನುಸುಳುತ್ತದೆ, ಗೊರವಂಕದ ತಲೆ ಮಾತ್ರ ಹೋದೀತು. ಮುಂದಿನ ಕಡ್ಡಿಯನ್ನೂ ಕೊಯ್ಸಿದೆ. ಗುಬ್ಬಿಗೆ ಅದು ಬೇಕೇ ಇಲ್ಲ, ತೂತಿನ ಅಂಚಿಗೇ ಬಂದು ಅಂಟಿಕೊಳ್ಳುತ್ತದೆ. ಆ ಕಡ್ಡಿಯ ಮೇಲೆ ಆರಾಮಾಗಿ ಕೂತು ಒಳಗೆ ಕೊಕ್ಕು ಹಾಕಿದ್ದು ಕಾಗೆ.

ಇನ್ನು ಮಡಕೆ. ಸಂತೆಯಿಂದ ತಂದ ಮಡಕೆಗೆ ಮೊಳೆ, ಸುತ್ತಿಗೆ ಹಿಡಿದು ತೂತು ಮಾಡಲು ಹೋಗಿ ಎರಡನ್ನು ಒಡೆದೆ. ಕುಂಬಾರ ಅಜ್ಜ ನಕ್ಕರು. "ಸುಟ್ಟ ಮ್ಯಾಲ ಒಡಿತದ ತಂಗಿ, ಹಸಿ ಇದ್ದಾಗ ಹೇಳಬೇಕಿತ್ತು" ಅಂದರು. ಹಸಿ ಮಣ್ಣಲ್ಲೇ ಹೊಟ್ಟೆಗೊಂದು ತೂತು ಕೊರೆದು, ತಳಕ್ಕೆ ನೀರು ಬಸಿಯಲು ಸಣ್ಣವು ನಾಲ್ಕು ಚುಚ್ಚಿ, ಸುಟ್ಟು ಕೊಟ್ಟರು. ಬಾಯಿಗೆ ಹಲಗೆ ಮುಚ್ಚಿ ತಂತಿ ಬಿಗಿದು, ಹಿತ್ತಲ ಕಡೆ ಸಜ್ಜಾದ ಕೆಳಗೆ, ಹತ್ತಡಿ ಎತ್ತರದಲ್ಲಿ ಕಟ್ಟಿದೆವು.

ಆ ಬೇಸಿಗೆ ಮಡಕೆ ಗೆದ್ದಿತು. ಫೆಬ್ರವರಿಯಲ್ಲೇ ಗುಬ್ಬಿ ಸೇರಿತು. ಕಾವಿಗೆ ಕೂತ 12 ದಿನಕ್ಕೆ ಒಳಗಿಂದ ಸಣ್ಣ ದನಿ ಕೇಳಿತು. ಅದಾಗಿ 15 ದಿನಕ್ಕೆ ಮೂರು ಮರಿ ಹೊರಗೆ. ಅತ್ತ ಪ್ಲೈವುಡ್ ಗೂಡು, ತೂತು ಸರಿ ಮಾಡಿಸಿದರೂ, ಖಾಲಿ. ಮಧ್ಯಾಹ್ನ ಮೂರಕ್ಕೆ ಅದರೊಳಗೆ ಕೈ ಹಾಕಿದರೆ ರೊಟ್ಟಿ ಹೆಂಚಿನ ಪಕ್ಕ ಕೈ ಇಟ್ಟಂತೆ. ನಾನು ಸಿಕ್ಕವರಿಗೆಲ್ಲ ಮಡಕೆಯ ಗುಣಗಾನ ಮಾಡಿದೆ. ಮಣ್ಣು ತಂಪು, ಮರ ಬಿಸಿ, ಹಿರಿಯರು ದಡ್ಡರಲ್ಲ, ಹೀಗೆ.

ನನ್ನ ಮಾತು ಕೇಳಿ ಎದುರು ಮನೆಯವರೂ ಮಡಕೆ ಕಟ್ಟಿದರು. ಅದೇ ಅಜ್ಜನ ಕೈಯ ಮಡಕೆ, ಅದೇ ತೂತು. ಇಡೀ ಬೇಸಿಗೆ ಒಂದು ಹುಲ್ಲುಕಡ್ಡಿಯೂ ಹೋಗಲಿಲ್ಲ. ಹೋಗಿ ನೋಡಿದರೆ ಅವರು ಕಟ್ಟಿದ್ದು ಪಡುವಣ ಗೋಡೆಗೆ. ನನ್ನ ಪ್ಲೈವುಡ್ ಗೂಡೂ ಪಡುವಣ ಗೋಡೆಗೇ ಇತ್ತು! ನನ್ನ ಮಡಕೆ ಇದ್ದದ್ದು ಉತ್ತರಕ್ಕೆ, ನೆರಳಲ್ಲಿ. ಅಂದರೆ ಇಷ್ಟು ದಿನ ನಾನು ಮಡಕೆ, ಮರ ಹೋಲಿಸಿರಲಿಲ್ಲ. ಗೋಡೆ ಗೋಡೆ ಹೋಲಿಸಿದ್ದೆ.

ಮೂರನೇ ಬೇಸಿಗೆಗೆ ಮುಂಚೆ, ಎರಡೂ ಖಾಲಿ ಇದ್ದಾಗ, ಜಾಗ ಅದಲುಬದಲು ಮಾಡಿದೆ. ಉತ್ತರಕ್ಕೆ ಬಂದ ಪ್ಲೈವುಡ್ ಗೂಡಿಗೆ ಹತ್ತೇ ದಿನದಲ್ಲಿ ಗುಬ್ಬಿ ಬಂತು. ಪಡುವಣಕ್ಕೆ ಹೋದ ಮಡಕೆ ಮೇ ಮುಗಿದರೂ ಖಾಲಿಯೇ. ನಮ್ಮ ರಾಯಚೂರಿನ ಬಿಸಿಲು ನಲವತ್ತು ದಾಟಿದ ಮೇಲೆ ಮಣ್ಣಿಗೂ ಮರಕ್ಕೂ ಒಂದೇ ನ್ಯಾಯ. ಮಡಕೆಯ ನೀರು ತಂಪಾಗುವುದು ನೀರು ಜಿನುಗಿ ಆರುವುದರಿಂದ. ಒಣ ಮಡಕೆಗೆ ಆ ಗುಣ ಎಲ್ಲಿಂದ ಬರಬೇಕು?

ನೆರಳಿನಲ್ಲಿ ಎರಡನ್ನೂ ಇಡಬಹುದು ಅಂದರೆ ಯಾವುದು? ನನ್ನ ಓಟು ಈಗಲೂ ಮಡಕೆಗೇ, ಆದರೆ ಕಾರಣ ಬೇರೆ. ದುಂಡು ಹೊಟ್ಟೆಯ ಮೇಲೆ ಬೆಕ್ಕಿನ ಉಗುರು ನಿಲ್ಲುವುದಿಲ್ಲ. ಮಳೆಗೆ ಉಬ್ಬುವುದಿಲ್ಲ. ನನ್ನ ಪ್ಲೈವುಡ್‌ನ ಪದರ ಎರಡೇ ವರ್ಷಕ್ಕೆ ಬಿಚ್ಚಿಕೊಂಡಿದೆ. ಒಂದು ವಿಷಯದಲ್ಲಿ ಮಾತ್ರ ಮರದ್ದು ಮೇಲು. ಪಕ್ಕದ ಬಾಗಿಲು ತೆರೆದು ಹಳೇ ಹುಲ್ಲು ತೆಗೆದರೆ ಆಯಿತು. ಮರಿಗಳು ಹೋದ ಮೇಲೆ ಗೂಡು ತುಂಬ ನುಸಿ ಇರುತ್ತದೆ, ಸ್ವಚ್ಛ ಮಾಡಲೇಬೇಕು. ಮಡಕೆಯನ್ನು ಪ್ರತಿ ಸಲ ಏಣಿ ಹತ್ತಿ ಇಳಿಸಬೇಕು. ನಮ್ಮೆಜಮಾನರಿಗೆ ಈ ಕಾರಣಕ್ಕೇ ಮಡಕೆ ಕಂಡರೆ ಆಗುವುದಿಲ್ಲ.

ಮಡಕೆಯಿಂದ ಒಂದು ಸಲ ರೆಕ್ಕೆ ಬಲಿಯದ ಮರಿ ಕೆಳಗೆ ಬಿತ್ತು. "ಮುಟ್ಟಬ್ಯಾಡ, ಮನಿಷಾರ ಕೈ ಹತ್ತಿದ್ರ ತಾಯಿ ಸೇರಿಸಂಗಿಲ್ಲ" ಅಂತ ಅತ್ತೆ ಕೂಗಿದರು. ನಾನೂ ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದವಳು. ಆದರೂ ಎತ್ತಿ ಒಳಗಿಟ್ಟೆ. ಅರ್ಧ ತಾಸಿನಲ್ಲಿ ತಾಯಿ ಹಸಿರು ಹುಳು ಕಚ್ಚಿಕೊಂಡು ಬಂತು. ಅತ್ತೆ ಏನೂ ಮಾತಾಡಲಿಲ್ಲ, ನುಗ್ಗೆಕಾಯಿ ಹೆಚ್ಚುತ್ತಾ ಕೂತರು. ಹುಳು ಅಂದಮೇಲೆ ನೆನಪಾಯಿತು. ಕಾಳು ತಿನ್ನುವ ಗುಬ್ಬಿಯೂ ಮರಿಗಳಿಗೆ ಕೊಡುವುದು ಹುಳುಹುಪ್ಪಟೆ. ಬೆಂಡೆ ಗಿಡಕ್ಕೆ ಔಷಧಿ ಹೊಡೆಯುವುದನ್ನು ನಾನು ಅವತ್ತೇ ಬಿಟ್ಟೆ.

ಇದೆಲ್ಲ ಗುಬ್ಬಿಯ ಮಾತು. ಡಬ್ಬಿ, ಮಡಕೆ ಯಾವುದೂ ಬೇಡದ ಹಕ್ಕಿಗಳೇ ಜಾಸ್ತಿ. ಮೂಲೆಯ ನಿಂಬೆ ಗಿಡ ಕತ್ತರಿಸದೆ ಬಿಟ್ಟಿದ್ದಕ್ಕೆ ಪಿಕಳಾರ (ಬುಲ್‌ಬುಲ್) ಬಂತು. ಕಾಗದದ ಹೂವಿನ ಬಳ್ಳಿಯ ತುದಿಗೆ ಸೂರಕ್ಕಿ ಜೇಡರ ಬಲೆಯಲ್ಲಿ ಕಸಕಡ್ಡಿ ಅಂಟಿಸಿ ಚೀಲದಂಥ ಗೂಡು ತೂಗುಬಿಟ್ಟಿತು. ಕಟ್ಟಿದ್ದೆಲ್ಲ ಹೆಣ್ಣು. ಮಿರಮಿರ ಮಿಂಚುವ ಗಂಡು ಸುತ್ತ ಹಾಡಿಕೊಂಡಿತ್ತು. ಓಣಿಯ ಹೆಂಗಸರಿಗೆ ಇದನ್ನು ತೋರಿಸಿದಾಗ ಯಾರಿಗೂ ಅಚ್ಚರಿಯಾಗಲಿಲ್ಲ. ಒಂದು ಸೋರೆ ಬುರುಡೆಯನ್ನೂ ಒಣಗಿಸಿ ಕಟ್ಟಿದ್ದೆ, ಗೀಜಗ ಬರಲಿ ಅಂತ. ದಡ್ಡತನ. ಗೀಜಗಕ್ಕೆ ತಾನೇ ನೇಯ್ದರೇ ಸಮಾಧಾನ. ಹೊಲದ ಬಾವಿಯ ಮೇಲೆ ಬಾಗಿದ ಬಳ್ಳಾರಿ ಜಾಲಿಯ ಮುಳ್ಳುಕೊಂಬೆ ಬಿಟ್ಟು ನನ್ನ ಬುರುಡೆಗೆ ಅದೇಕೆ ಬರಬೇಕು?

ನೋಡುವ ಬಗೆಯಲ್ಲೂ ಎರಡು ಮಾಡಿ ನೋಡಿದ್ದೇನೆ, ಮೊದಲನೆಯದು ನೆನೆದರೆ ಈಗಲೂ ಬೇಜಾರು. ಪಿಕಳಾರದ ಗೂಡು ನನ್ನ ಎದೆಯೆತ್ತರಕ್ಕೇ ಇತ್ತು. ಕೆಂಪು ಚುಕ್ಕೆಯ ಮೂರು ಮೊಟ್ಟೆ. ದಿನಾ ಬೆಳಿಗ್ಗೆ ಕೊಂಬೆ ಸರಿಸಿ, ಸೆಲ್ಫಿ ಸ್ಟಿಕ್ ತೂರಿಸಿ ಫೋಟೋ ತೆಗೆದೆ. ಫೋಟೋ ಬಹಳ ಚೆನ್ನಾಗಿ ಬಂದವು. ಮರಿಯಾದ ಮೂರನೇ ದಿನ ಕೆಂಬೂತ ಬಂದು ಗೂಡು ಬರಿದು ಮಾಡಿತು. ನಾನು ಸರಿಸಿದ ಕೊಂಬೆಗಳು ಮತ್ತೆ ಕೂಡಿಕೊಂಡೇ ಇರಲಿಲ್ಲ, ಗೂಡು ದೂರದಿಂದಲೇ ಕಾಣುತ್ತಿತ್ತು.

ಈಗ ಅಡುಗೆಮನೆ ಕಿಟಕಿಯಿಂದ ದುರ್ಬೀನು. ಮೊಟ್ಟೆ ಎಷ್ಟು ಅಂತ ಗೊತ್ತಾಗುವುದಿಲ್ಲ, ಫೋಟೋ ಇಲ್ಲ. ಆದರೆ ಹಕ್ಕಿ ಎಷ್ಟು ಸಲ ಬಂತು, ಯಾವ ಕೊಂಬೆ ಮೇಲೆ ಕೂತು ಸುತ್ತ ನೋಡಿ ಆಮೇಲೆ ಗೂಡಿಗೆ ಇಳಿಯಿತು, ಎಲ್ಲ ಕಾಣುತ್ತದೆ. ಹೋದ ಸಲ ಪಿಕಳಾರದ ಎರಡು ಮರಿ ಸರಿಯಾಗಿ ಹಾರಲು ಬರುವ ಮೊದಲೇ ಗೂಡಿನಿಂದ ಇಳಿದು ಕರಿಬೇವಿನ ಬುಡದಲ್ಲಿ ಕೂತಿದ್ದವು. ಅದು ಅವುಗಳ ರೀತಿ, ಬಿದ್ದದ್ದಲ್ಲ. ಮೈತುಂಬ ಗರಿ ಇದ್ದರೆ ಎತ್ತಬಾರದು. ಬೆಕ್ಕನ್ನು ಎರಡು ದಿನ ಒಳಗೆ ಕೂಡಿಹಾಕಿದೆವು, ಅಷ್ಟೇ.

ಮುಂದಿನ ಬೇಸಿಗೆಗೆ ಉತ್ತರದ ಗೋಡೆಗೆ ಇನ್ನೆರಡು ಮಡಕೆ ಬೇಕು ಅಂತ ಅಜ್ಜನಿಗೆ ಹೇಳಿ ಬಂದಿದ್ದೇನೆ. ಇದಕ್ಕಿಂತ ತುಸು ದೊಡ್ಡ ತೂತು ಅಂತ ಅಳತೆಗೆ ಹತ್ತು ರೂಪಾಯಿ ಬಿಲ್ಲೆ ಕೊಟ್ಟಿದ್ದೆ. ಅದರಲ್ಲಿ ಅವರು ಚಾ ಕುಡಿದಿದ್ದಾರಂತೆ.